ತೆರೆಯ ಮೇಲಿನ ಪದ ಯಾವ ಮಾಡ್ಯೂಲಿನದು? ಎಕ್ಲಿಪ್ಸ್‌ನ ಪ್ಲಗ್-ಇನ್ ಸ್ಪೈ ಬಳಸಿ ನೋಡಿದ ಮೇಲೆ

ಕಳೆದ ಬಾರಿ ಕಬ್ಬು ನುರಿಸುವ ಹಂಗಾಮು ಆರಂಭವಾದ ವಾರದಲ್ಲೇ ನಿಪ್ಪಾಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಾಟಾದಿಂದ, ಅಂದರೆ ಕಬ್ಬಿನ ಗಾಡಿಗಳನ್ನು ತೂಗುವ ಕಟ್ಟೆಯಿಂದ, ನನಗೆ ಫೋನ್ ಬಂದಿತು. ಅಲ್ಲಿ ಬಳಸುವ ತೂಕದ ತಂತ್ರಾಂಶವನ್ನು ಪುಣೆಯ ಕೋಥ್ರೂಡ್‌ನ ಒಂದು ಸಣ್ಣ ಕಚೇರಿಯಲ್ಲಿ ಕುಳಿತು ನಾವು ಏಳು ಮಂದಿ ಬರೆಯುತ್ತೇವೆ. ಕೊಲ್ಹಾಪುರದ ಕಾರ್ಖಾನೆಗಳಿಗೆ ಮರಾಠಿಯಲ್ಲಿ, ಗಡಿ ದಾಟಿದ ಕಡೆ ಕನ್ನಡದಲ್ಲಿ ಅದು ತೆರೆಯನ್ನೂ ಚೀಟಿಯನ್ನೂ ತೋರಿಸುತ್ತದೆ. ಮೊದಲ ಆವೃತ್ತಿಯಲ್ಲಿ ಗಾಡಿಯ ಭಾರ ಕಳೆದು ಉಳಿಯುವ ಕಬ್ಬಿನ ತೂಕಕ್ಕೆ ಯಾರೋ ‘ಶುದ್ಧ ತೂಕ’ ಎಂದು ಬರೆದಿದ್ದರು. ಪುಣೆಯ ಕನ್ನಡ ಸಂಘದಲ್ಲಿ ಪರಿಚಯವಾದ ಒಬ್ಬ ನಿವೃತ್ತ ಮಾಸ್ತರರು ನಮ್ಮ ಪದಪಟ್ಟಿಯನ್ನು ಸಾಲುಸಾಲಾಗಿ ನೋಡಿ, ಅದು ‘ನಿವ್ವಳ ತೂಕ’ ಎಂದಾಗಬೇಕು ಎಂದು ತಿದ್ದಿಕೊಟ್ಟಿದ್ದರು. ನಾವೂ ಬದಲಿಸಿ, ಹೊಸ ಆವೃತ್ತಿಯನ್ನು ಕಳಿಸಿ, ಆ ವಿಷಯವನ್ನು ಮರೆತಿದ್ದೆವು. ಫೋನಿನಲ್ಲಿ ಕಾಟಾದ ಗುಮಾಸ್ತರು ಹೇಳಿದ್ದು ಇಷ್ಟು: “ಸರ್, ನೀವು ಬದಲಿ ಮಾಡೇವಿ ಅಂದ್ರಿ. ಚೀಟಿ ಮ್ಯಾಲೆ ಇನ್ನೂ ಅದ ಹಳೇ ಶಬ್ದ ಬರಾಕತ್ತೈತ್ರಿ. ಇದು ಗಾಡಿ ಸಹಿತದ್ದೋ, ಕಬ್ಬಿಂದಷ್ಟೋ ಅಂತ ರೈತ್ರು ಕೇಳಾಕತ್ತಾರ.”

ರೈತರಿಗೆ ಹಣ ಸಂದಾಯವಾಗುವುದೇ ಆ ಸಾಲಿನ ಮೇಲೆ. ಆದ್ದರಿಂದ ಅದನ್ನು ಸಣ್ಣ ದೋಷವೆಂದು ಬದಿಗಿಡುವಂತಿರಲಿಲ್ಲ. ನಮ್ಮ ತಂತ್ರಾಂಶವು ಜಾವಾ ಭಾಷೆಯಲ್ಲಿ ತಂತ್ರಾಂಶ ಕಟ್ಟಲು ಬಳಸುವ ಎಕ್ಲಿಪ್ಸ್ ಎಂಬ ವೇದಿಕೆಯ ಮೇಲೆ ಕಟ್ಟಿದ್ದು. ಅಲ್ಲಿ ತಂತ್ರಾಂಶದ ಪ್ರತಿ ಭಾಗವೂ ಪ್ಲಗ್-ಇನ್ ಎಂಬ ಪ್ರತ್ಯೇಕ ಮಾಡ್ಯೂಲು. ನಮ್ಮವೇ ಇಪ್ಪತ್ತಕ್ಕೂ ಹೆಚ್ಚು ಪ್ಲಗ್-ಇನ್‌ಗಳಿವೆ, ವೇದಿಕೆಯವನ್ನೂ ಎಣಿಸಿದರೆ ನೂರು ದಾಟುತ್ತದೆ. ಇವುಗಳಲ್ಲಿ ಯಾವುದು ಆ ಹಳೆಯ ಪದವನ್ನು ತಂದು ತೆರೆಯ ಮೇಲಿಡುತ್ತಿದೆ ಎಂಬುದೇ ಪ್ರಶ್ನೆ. ಇಂಥ ಪ್ರಶ್ನೆಗೆಂದೇ ಎಕ್ಲಿಪ್ಸ್ ಜೊತೆಗೆ ಬರುವ ಒಂದು ಸಾಧನವಿದೆ: ಪ್ಲಗ್-ಇನ್ ಸ್ಪೈ. ಆ ದಿನದಿಂದ ಇಂದಿನವರೆಗೆ ಅದನ್ನು ಹೆಚ್ಚುಕಡಿಮೆ ದಿನವೂ ಬಳಸಿದ್ದೇನೆ. ಅದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು, ಇದೇ ಬಗೆಯ ಕೆಲಸ ಮಾಡುವ ಕನ್ನಡಿಗರಿಗೆ ಉಪಯೋಗವಾಗಲೆಂದು, ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಬಳಸುವ ವಿಧಾನ ತೀರ ಸರಳ. ಯಾವ ಕಿಟಕಿಯ ಬಗ್ಗೆ ತಿಳಿಯಬೇಕೋ ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಆಲ್ಟ್, ಶಿಫ್ಟ್ ಮತ್ತು ಎಫ್1 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಣ್ಣದೊಂದು ಹಳದಿ ಛಾಯೆಯ ಚೌಕ ತೆರೆದುಕೊಳ್ಳುತ್ತದೆ. ಸದ್ಯ ಸಕ್ರಿಯವಾಗಿರುವ ಕಿಟಕಿ, ಅಂದರೆ ವ್ಯೂ ಅಥವಾ ಎಡಿಟರ್, ಯಾವ ಕ್ಲಾಸಿನಿಂದ (ಜಾವಾ ಕೋಡಿನ ಘಟಕದಿಂದ) ಆಗಿದೆ, ಅದರ ಗುರುತಿನ ಹೆಸರೇನು, ಅದನ್ನು ಒದಗಿಸಿದ ಪ್ಲಗ್-ಇನ್ ಯಾವುದು, ಆ ಪ್ಲಗ್-ಇನ್ನಿನ ಆವೃತ್ತಿ ಎಷ್ಟು ಎಂಬುದೆಲ್ಲ ಅದರಲ್ಲಿ ಸಾಲಾಗಿ ಇರುತ್ತದೆ. ಅದರ ಕೆಳಗೆ, ಆಯ್ಕೆಯಾಗಿರುವ ವಸ್ತು ಯಾವ ಕ್ಲಾಸಿನದು, ಯಾವ ಇಂಟರ್‌ಫೇಸ್‌ಗಳನ್ನು ಹೊಂದಿದೆ ಎಂಬುದೂ ಇರುತ್ತದೆ. ಅಭಿವೃದ್ಧಿಯ ಯಂತ್ರದಲ್ಲಾದರೆ ಈ ಹೆಸರುಗಳೆಲ್ಲ ಕೊಂಡಿಗಳು: ಕ್ಲಾಸಿನ ಹೆಸರನ್ನು ಒತ್ತಿದರೆ ಅದರ ಮೂಲ ಬರಹ ತೆರೆಯುತ್ತದೆ, ಪ್ಲಗ್-ಇನ್ನಿನ ಹೆಸರನ್ನು ಒತ್ತಿದರೆ ಅದರ ಮ್ಯಾನಿಫೆಸ್ಟ್, ಅಂದರೆ ಅದರ ಹೆಸರನ್ನೂ ಅದಕ್ಕೆ ಬೇಕಾದ ಇತರ ಪ್ಲಗ್-ಇನ್‌ಗಳನ್ನೂ ಘೋಷಿಸುವ ಫೈಲು, ತೆರೆಯುತ್ತದೆ. ಪರಿಚಯವಿಲ್ಲದ ದೊಡ್ಡ ತಂತ್ರಾಂಶದೊಳಗೆ ಕಾಲಿಟ್ಟ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮಾರ್ಗದರ್ಶಿಯನ್ನು ನಾನು ಕಂಡಿಲ್ಲ. ನಮ್ಮಲ್ಲಿಗೆ ಕೆಲಸಕ್ಕೆ ಸೇರಿದ ಕಲಬುರಗಿಯ ಹುಡುಗಿಗೆ ಮೊದಲ ದಿನ ನಾನು ಕಲಿಸಿದ್ದು ಈ ಮೂರು ಕೀಲಿಗಳನ್ನೇ; ಮೂರನೆಯ ದಿನಕ್ಕೆ ಆಕೆ ನನ್ನನ್ನು ಕೇಳದೆಯೇ ಸರಿಯಾದ ಕ್ಲಾಸನ್ನು ತೆರೆದುಕೊಂಡು ಕುಳಿತಿದ್ದಳು.

ನಮ್ಮ ದೋಷದ ದಿನವೂ ನಾನು ಚೀಟಿಯ ಮುನ್ನೋಟವನ್ನು ತೆರೆಯ ಮೇಲೆ ತೆರೆದು, ‘ಶುದ್ಧ ತೂಕ’ ಎಂಬ ಸಾಲಿನ ಮೇಲೆಯೇ ಕ್ಲಿಕ್ ಮಾಡಿ, ಇವೇ ಕೀಲಿಗಳನ್ನು ಒತ್ತಿದೆ. ನಮ್ಮ ಹೊಸ ಮುದ್ರಣ ಪ್ಲಗ್-ಇನ್ನಿನ ಹೆಸರು, ಸರಿಯಾದ ಹೊಸ ಆವೃತ್ತಿಯೊಂದಿಗೆ ಕಾಣಿಸಿತು. ಆ ಪ್ಲಗ್-ಇನ್ನಿನೊಳಗಿನ ಕನ್ನಡ ಪದಗಳ ಫೈಲನ್ನು ತೆರೆದರೆ ಅಲ್ಲಿ ‘ನಿವ್ವಳ ತೂಕ’ ಎಂದೇ ಇತ್ತು. ಇಡೀ ಮೂಲ ಬರಹದಲ್ಲಿ ‘ಶುದ್ಧ ತೂಕ’ ಎಂದು ಹುಡುಕಿದರೆ ಒಂದು ಕಡೆಯೂ ಸಿಗಲಿಲ್ಲ. ಸುಮಾರು ಒಂದು ಗಂಟೆಯ ಕಾಲ, ಕಾರ್ಖಾನೆಯವರು ಹಳೆಯ ಆವೃತ್ತಿಯನ್ನೇ ಓಡಿಸುತ್ತಿರಬೇಕು ಎಂದು ನಾವೆಲ್ಲ ನಂಬಿದ್ದೆವು. ಆದರೆ ನನ್ನ ಯಂತ್ರದಲ್ಲಿಯೂ, ಆಗತಾನೇ ಕಟ್ಟಿದ ಪ್ರತಿಯಲ್ಲಿಯೂ, ಅದೇ ಹಳೆಯ ಪದ ಕಾಣುತ್ತಿತ್ತು.

ಸ್ಪೈ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ಬೇರೊಂದು ಪ್ರಶ್ನೆಯ ಉತ್ತರವನ್ನು. ಮಾಡ್ಯೂಲುಗಳಲ್ಲಿ ಕಟ್ಟಿದ ತಂತ್ರಾಂಶದಲ್ಲಿ ಒಡೆತನ ಎಂಬುದು ಎರಡು ಬಗೆಯದು: ಈ ಕಿಟಕಿಯನ್ನು ಬಿಡಿಸಿದ ಕ್ಲಾಸ್ ಯಾವ ಮಾಡ್ಯೂಲಿನದು ಎಂಬುದು ಒಂದು, ಆ ಕ್ಲಾಸ್ ಓಡುತ್ತಿರುವಾಗ ಕೇಳಿ ತರಿಸಿಕೊಂಡ ಪದ, ಚಿತ್ರ ಅಥವಾ ಫೈಲು ಯಾವ ಮಾಡ್ಯೂಲಿನಿಂದ ಬಂದಿತು ಎಂಬುದು ಇನ್ನೊಂದು. ಸ್ಪೈಗೆ ಗೊತ್ತಿರುವುದು ಮೊದಲನೆಯದು ಮಾತ್ರ. ತೆರೆಯ ಮೇಲೆ ಒಂದು ಲೇಬಲ್ಲಿಗೆ ಅಂಟಿದ ಪದಕ್ಕೆ ತಾನು ಎಲ್ಲಿಂದ ಬಂದೆ ಎಂಬ ನೆನಪು ಇರುವುದಿಲ್ಲ. ಅದು ಬರಿಯ ಅಕ್ಷರಗಳ ಸಾಲು.

ಹಾಗಾದರೆ ಒಂದು ಪ್ಲಗ್-ಇನ್ ಕೇಳಿದ ಫೈಲು ಇನ್ನೊಂದರಿಂದ ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಕ್ಲಿಪ್ಸ್ 2004ರಲ್ಲಿ ತನ್ನ 3.0 ಆವೃತ್ತಿಯಿಂದ ಓಎಸ್‌ಜಿಐ ಎಂಬ ಮಾಡ್ಯೂಲ್ ವ್ಯವಸ್ಥೆಯ ಮೇಲೆ ನಿಂತಿದೆ. ಅದನ್ನು ಎಕ್ಲಿಪ್ಸ್‌ಗಾಗಿ ಜಾರಿಗೆ ತರುವ ಭಾಗದ ಹೆಸರು ಇಕ್ವಿನಾಕ್ಸ್. ಅಲ್ಲಿ ಪ್ರತಿ ಪ್ಲಗ್-ಇನ್ ಒಂದು ಬಂಡಲ್. ಪ್ರತಿ ಬಂಡಲಿಗೂ ಅದರದೇ ಕ್ಲಾಸ್‌ಲೋಡರ್, ಅಂದರೆ ಓಡುವಾಗ ಬೇಕಾದ ಕ್ಲಾಸು, ಫೈಲುಗಳನ್ನು ಹುಡುಕಿ ತರುವ ಭಾಗ. ಕ್ಲಾಸಾಗಲಿ, ರಿಸೋರ್ಸ್ ಎಂದು ಕರೆಯುವ ಬೇರೆ ಯಾವುದೇ ಫೈಲಾಗಲಿ ಬೇಕಾದಾಗ, ಆ ಲೋಡರ್ ತನ್ನ ಮನೆಯನ್ನು ಮೊದಲು ನೋಡುತ್ತದೆ ಎಂದು ನಮ್ಮಲ್ಲಿ ಹಲವರು ಭಾವಿಸಿದ್ದೆವು. ನಿಯಮ ಹಾಗಿಲ್ಲ. ಕೇಳಿದ ಪ್ಯಾಕೇಜನ್ನು (ಒಂದೇ ಹೆಸರಿನಡಿ ಇಟ್ಟ ಕ್ಲಾಸು, ಫೈಲುಗಳ ಗುಂಪನ್ನು) ಮ್ಯಾನಿಫೆಸ್ಟಿನ ಇಂಪೋರ್ಟ್-ಪ್ಯಾಕೇಜ್ ಎಂಬ ಸಾಲಿನಲ್ಲಿ ಬೇರೆ ಬಂಡಲಿನಿಂದ ತರಿಸಿಕೊಂಡಿದ್ದರೆ ಹುಡುಕಾಟ ಆ ಬಂಡಲಿನಲ್ಲಿಯೇ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. ತನ್ನೊಳಗೆ ಅದೇ ಹೆಸರಿನ ಪ್ಯಾಕೇಜ್ ಇದ್ದರೂ ಅದನ್ನು ಲೋಡರ್ ತೆರೆದು ನೋಡುವುದಿಲ್ಲ. ಹಾಗಿಲ್ಲದಿದ್ದರೆ, ರಿಕ್ವೈರ್-ಬಂಡಲ್ ಎಂದು ಹೆಸರಿಸಿದ ಬಂಡಲುಗಳು ಹೊರಗೆ ಬಿಟ್ಟುಕೊಟ್ಟ ಪ್ಯಾಕೇಜುಗಳನ್ನು ಬರೆದ ಅನುಕ್ರಮದಲ್ಲಿ ನೋಡುತ್ತದೆ. ಅಲ್ಲಿಯೂ ಸಿಗದಿದ್ದರೆ ಮಾತ್ರ ತನ್ನ ಸ್ವಂತ ಜಾರ್ ಫೈಲನ್ನು (ಬಂಡಲನ್ನು ಕಟ್ಟಿಟ್ಟ ಫೈಲನ್ನು), ಅದರ ನಂತರ ತನಗೆ ಅಂಟಿಕೊಂಡಿರುವ ತುಣುಕುಗಳನ್ನು, ಅಂದರೆ ಜೋಡಿಸಿದ ಫ್ರಾಗ್‌ಮೆಂಟುಗಳನ್ನು ನೋಡುತ್ತದೆ.

ನಮ್ಮ ಮುದ್ರಣ ಪ್ಲಗ್-ಇನ್ ಒಂದು ಕಾಲಕ್ಕೆ ಹಳೆಯ ‘ಮೂಲ’ ಪ್ಲಗ್-ಇನ್ನಿನ ಒಳಗೇ ಇತ್ತು. ಅದನ್ನು ಬೇರೆಮಾಡಿದಾಗ ಪ್ಯಾಕೇಜುಗಳ ಹೆಸರನ್ನು ಬದಲಿಸದೆ ಹಾಗೆಯೇ ಉಳಿಸಿಕೊಂಡೆವು, ಪದಗಳ ಫೈಲುಗಳನ್ನು ನಕಲು ಮಾಡಿಕೊಂಡೆವು, ಮತ್ತು ಹಳೆಯದರಲ್ಲಿದ್ದ ಕನ್ನಡದ ಫೈಲನ್ನು ಅಳಿಸುವುದನ್ನು ಮರೆತೆವು. ಹೊಸ ಪ್ಲಗ್-ಇನ್ನಿಗೆ ಹಳೆಯದರ ಕೆಲವು ಕ್ಲಾಸುಗಳು ಬೇಕಾಗಿದ್ದರಿಂದ ಮ್ಯಾನಿಫೆಸ್ಟಿನಲ್ಲಿ ರಿಕ್ವೈರ್-ಬಂಡಲ್ ಎಂದು ಅದರ ಹೆಸರನ್ನೂ ಬರೆದಿದ್ದೆವು. ಹೀಗಾಗಿ ಮುದ್ರಣದ ಕ್ಲಾಸ್ ಕನ್ನಡ ಪದಗಳ ಫೈಲನ್ನು ಕೇಳಿದಾಗಲೆಲ್ಲ, ಲೋಡರ್ ನಿಯಮದ ಪ್ರಕಾರ ಮೊದಲು ಹಳೆಯ ಪ್ಲಗ್-ಇನ್ನಿಗೆ ಹೋಗಿ, ಅಲ್ಲಿ ಸಿಕ್ಕ ಹಳೆಯ ಫೈಲನ್ನೇ ತಂದು ಕೊಡುತ್ತಿತ್ತು. ನಾವು ತಿದ್ದಿದ ಫೈಲನ್ನು ಯಾರೂ ಓದುತ್ತಲೇ ಇರಲಿಲ್ಲ.

ಪದವನ್ನು ಹುಡುಕಿದರೂ ಏಕೆ ಸಿಗಲಿಲ್ಲ ಎಂಬುದಕ್ಕೂ ಕಾರಣವಿದೆ, ಮತ್ತು ಅದು ಕನ್ನಡದಲ್ಲಿ ಕೆಲಸ ಮಾಡುವವರಿಗೆ ವಿಶೇಷವಾಗಿ ತಿಳಿದಿರಬೇಕಾದ ಕಾರಣ. ಜಾವಾದ 8ನೆಯ ಆವೃತ್ತಿಯವರೆಗೆ ಇಂಥ ಪದಗಳನ್ನಿಡುವ ಪ್ರಾಪರ್ಟೀಸ್ ಫೈಲುಗಳನ್ನು ಲ್ಯಾಟಿನ್-1 ಸಂಕೇತದಲ್ಲಿಯೇ ಓದಲಾಗುತ್ತಿತ್ತು. ಕನ್ನಡದ ಪ್ರತಿ ಅಕ್ಷರವನ್ನೂ ಬ್ಯಾಕ್‌ಸ್ಲ್ಯಾಶ್, ಯು, ಅದರ ಮುಂದೆ ನಾಲ್ಕು ಸಂಕೇತಗಳ ಯುನಿಕೋಡ್ ಸಂಖ್ಯೆ ಎಂಬ ರೂಪಕ್ಕೆ ತಿರುಗಿಸಿ ಇಡಬೇಕಾಗಿತ್ತು. ಜಾವಾ 9ರಿಂದ, ಅಂದರೆ 2017ರ ಸೆಪ್ಟೆಂಬರಿನಿಂದ, ರಿಸೋರ್ಸ್‌ಬಂಡಲ್ ಎಂಬ ಜಾವಾ ಕ್ಲಾಸಿನ ಮೂಲಕ ಓದುವ ಇಂಥ ಫೈಲುಗಳಿಗೆ ಯುಟಿಎಫ್-8 ಸಹಜ ಸಂಕೇತವಾಯಿತು, ಕನ್ನಡವನ್ನು ಕನ್ನಡವಾಗಿಯೇ ಬರೆಯುವಂತಾಯಿತು. ನಮ್ಮ ಹಳೆಯ ಫೈಲು ಆ ಮೊದಲಿನ ಕಾಲದ್ದು. ಅದರೊಳಗೆ ‘ಶುದ್ಧ’ ಎಂಬ ಪದ ಕಣ್ಣಿಗೆ ಕಾಣುವ ರೂಪದಲ್ಲಿ ಇರಲೇ ಇಲ್ಲ. ಆದ್ದರಿಂದ ಕನ್ನಡ ಅಕ್ಷರಗಳಲ್ಲಿ ಎಷ್ಟು ಹುಡುಕಿದರೂ ಸಿಗುವಂತಿರಲಿಲ್ಲ.

ಉತ್ತರ ಸಿಕ್ಕಿದ್ದು ಸ್ಪೈಯಿಂದಲ್ಲ, ಒಂದು ಸಾಲಿನ ಕೋಡಿನಿಂದ. ಪದಗಳ ಫೈಲನ್ನು ಕೇಳುವ ಕ್ಲಾಸಿನೊಳಗೇ, ಅದರ ಕ್ಲಾಸ್‌ಲೋಡರಿಗೆ ಗೆಟ್‌ರಿಸೋರ್ಸ್ ಎಂಬ ಕರೆಯನ್ನು ಕೊಟ್ಟು, ಬಂದ ವಿಳಾಸವನ್ನು ಕನ್ಸೋಲಿನಲ್ಲಿ ಮುದ್ರಿಸಿದೆ. ಇಕ್ವಿನಾಕ್ಸ್ ಕೊಡುವ ವಿಳಾಸ ‘ಬಂಡಲ್‌ರಿಸೋರ್ಸ್’ ಎಂಬ ಪದದಿಂದ ಶುರುವಾಗುತ್ತದೆ, ಅದರ ಮುಂದೆಯೇ ಫೈಲನ್ನು ಕೊಟ್ಟ ಬಂಡಲಿನ ಸಂಖ್ಯೆ ಇರುತ್ತದೆ. ಮುದ್ರಣ ಪ್ಲಗ್-ಇನ್ನಿನ ಸಂಖ್ಯೆ ನಮ್ಮಲ್ಲಿ 87. ವಿಳಾಸದಲ್ಲಿ ಇದ್ದದ್ದು 41. ಓಎಸ್‌ಜಿಐ ಕನ್ಸೋಲಿನಲ್ಲಿ ಎಸ್‌ಎಸ್ ಎಂಬ ಎರಡಕ್ಷರದ ಆಜ್ಞೆಯನ್ನು ಕೊಟ್ಟರೆ ಎಲ್ಲ ಬಂಡಲುಗಳ ಸಂಖ್ಯೆ, ಸ್ಥಿತಿ ಮತ್ತು ಹೆಸರು ಪಟ್ಟಿಯಾಗಿ ಬರುತ್ತದೆ. ಪಟ್ಟಿಯಲ್ಲಿ 41ರ ಎದುರು ಹಳೆಯ ಪ್ಲಗ್-ಇನ್ನಿನ ಹೆಸರನ್ನು ಕಂಡಾಗ, ಪಕ್ಕದಲ್ಲಿ ನಿಂತಿದ್ದ ಧಾರವಾಡದ ಸಹೋದ್ಯೋಗಿ ಏನೂ ಮಾತಾಡದೆ ತನ್ನ ಕುರ್ಚಿಗೆ ಹೋಗಿ ಆ ಫೈಲನ್ನು ಅಳಿಸಿದರು. ಗೆಟ್‌ರಿಸೋರ್ಸಸ್ ಎಂಬ ಬಹುವಚನದ ಕರೆಯನ್ನು ಕೊಟ್ಟಿದ್ದರೆ ಒಂದೇ ಹೆಸರಿನ ಎರಡೂ ಫೈಲುಗಳ ವಿಳಾಸ ಒಟ್ಟಿಗೆ ಬರುತ್ತಿತ್ತು. ಈಗ ನಮ್ಮ ಪರೀಕ್ಷೆಗಳಲ್ಲಿ ಅದನ್ನೇ ಬಳಸುತ್ತೇವೆ: ಯಾವುದೇ ಪದದ ಫೈಲಿಗೆ ಒಂದಕ್ಕಿಂತ ಹೆಚ್ಚು ವಿಳಾಸ ಬಂದರೆ ಆ ಆವೃತ್ತಿ ಹೊರಗೆ ಹೋಗುವುದಿಲ್ಲ.

ಇಷ್ಟು ಹೇಳಿದ ಮೇಲೆ, ಸ್ಪೈ ನಿಜಕ್ಕೂ ಗೆಲ್ಲುವ ಜಾಗವನ್ನು ಹೇಳದಿದ್ದರೆ ಅನ್ಯಾಯವಾದೀತು. ಆಲ್ಟ್, ಶಿಫ್ಟ್, ಎಫ್2 ಒತ್ತಿದರೆ ಮೌಸಿನ ಗುರುತು ಬದಲಾಗುತ್ತದೆ. ಆಮೇಲೆ ಮೆನುವಿನ ಯಾವ ಸಾಲನ್ನು ಅಥವಾ ಟೂಲ್‌ಬಾರಿನ ಯಾವ ಗುಂಡಿಯನ್ನು ಒತ್ತಿದರೂ ಅದರ ಕೆಲಸ ನಡೆಯುವುದಿಲ್ಲ, ಬದಲಿಗೆ ಆ ಸಾಲನ್ನು ಅಲ್ಲಿಗೆ ತಂದ ಪ್ಲಗ್-ಇನ್ ಯಾವುದು, ಆಜ್ಞೆಯ ಗುರುತೇನು, ಅದನ್ನು ನಡೆಸುವ ಹ್ಯಾಂಡ್ಲರ್ ಕ್ಲಾಸ್ ಯಾವುದು ಎಂಬ ವಿವರ ತೆರೆದುಕೊಳ್ಳುತ್ತದೆ. ಎಕ್ಲಿಪ್ಸ್‌ನಲ್ಲಿ ಮೆನುವಿನ ಸಾಲುಗಳನ್ನು ಯಾವ ಪ್ಲಗ್-ಇನ್ ಬೇಕಾದರೂ ತನ್ನ ಪ್ಲಗ್-ಇನ್ ಎಕ್ಸ್‌ಎಂಎಲ್ ಫೈಲಿನಲ್ಲಿ ಘೋಷಿಸಿ ಸೇರಿಸಬಹುದು. ನಮ್ಮ ತಂತ್ರಾಂಶದಲ್ಲಿ ‘ಫೈಲ್’ ಮೆನುವಿನೊಳಗೆ ಕಾಟಾದ ಗುಮಾಸ್ತರಿಗೆ ಎಂದಿಗೂ ಬೇಡವಾದ ನಾಲ್ಕು ಸಾಲುಗಳು ಬಹಳ ಕಾಲದಿಂದ ಕುಳಿತಿದ್ದವು; ಅವನ್ನು ಯಾರು ತಂದರು ಎಂದು ನೂರಾರು ಎಕ್ಸ್‌ಎಂಎಲ್ ಫೈಲುಗಳನ್ನು ಓದುವ ಬದಲು ಒಂದೊಂದರ ಮೇಲೂ ಒಮ್ಮೆ ಒತ್ತಿ ಕಂಡುಹಿಡಿದೆವು. ಕಾಲು ಗಂಟೆಯ ಕೆಲಸ. ಘೋಷಣೆಯ ಮೂಲಕ ಬರುವ ವಸ್ತುಗಳಿಗೆ ತಮ್ಮ ಮೂಲದ ನೆನಪು ಇರುತ್ತದೆ, ಆದ್ದರಿಂದಲೇ ಸ್ಪೈ ಅವುಗಳ ವಿಷಯದಲ್ಲಿ ಇಷ್ಟು ಖಚಿತವಾಗಿ ಮಾತಾಡಬಲ್ಲದು. ಡೈಲಾಗುಗಳು ತೆರೆದಿರುವಾಗಲೂ ಎಫ್1ರ ಸ್ಪೈ ಕೆಲಸ ಮಾಡುತ್ತದೆ ಎಂಬುದನ್ನೂ ಇಲ್ಲಿಯೇ ಸೇರಿಸುತ್ತೇನೆ. ಎಚ್ಚರಿಕೆಯ ಸಂದೇಶವೊಂದು ಎಲ್ಲಿಂದ ಎದ್ದಿತು ಎಂದು ತಿಳಿಯಲು ಇದು ಬಹಳ ಸಹಾಯಕ.

ಫ್ರಾಗ್‌ಮೆಂಟುಗಳ ವಿಷಯಕ್ಕೆ ಬಂದಾಗ ಸ್ಪೈಯ ಮೇಲೆ ನನ್ನ ದೂರು ಗಟ್ಟಿಯಾಗುತ್ತದೆ. ಅನುವಾದಗಳನ್ನು ಮೂಲ ಪ್ಲಗ್-ಇನ್ನಿನಿಂದ ಬೇರೆಯಾಗಿ ತಲುಪಿಸಲು ಎಕ್ಲಿಪ್ಸ್ ಲೋಕದಲ್ಲಿ ರೂಢಿಯಾದ ಮಾರ್ಗವೇ ಫ್ರಾಗ್‌ಮೆಂಟ್; ಎಕ್ಲಿಪ್ಸ್‌ನ ಅನುವಾದಗಳನ್ನು ಸಿದ್ಧಪಡಿಸುವ ಬೇಬಲ್ ಯೋಜನೆಯ ಭಾಷಾಪೊಟ್ಟಣಗಳೂ ಇದೇ ರೂಪದಲ್ಲಿವೆ. ಫ್ರಾಗ್‌ಮೆಂಟಿಗೆ ತನ್ನದೇ ಕ್ಲಾಸ್‌ಲೋಡರ್ ಇರುವುದಿಲ್ಲ. ಅದು ಆತಿಥೇಯ ಬಂಡಲಿಗೆ ಅಂಟಿಕೊಂಡು, ಅದರ ಲೋಡರಿನೊಳಗೇ ಬದುಕುತ್ತದೆ. ಆದ್ದರಿಂದ ಫ್ರಾಗ್‌ಮೆಂಟಿನೊಳಗಿನ ಒಂದು ಕ್ಲಾಸ್ ಯಾವ ಬಂಡಲಿನದು ಎಂದು ವ್ಯವಸ್ಥೆಯನ್ನು ಕೇಳಿದರೆ ಆತಿಥೇಯನ ಹೆಸರೇ ಬರುತ್ತದೆ, ಸ್ಪೈಯೂ ಅದನ್ನೇ ತೋರಿಸುತ್ತದೆ. ಕನ್ನಡ ಚೀಟಿಯ ಅಳತೆ ಮರಾಠಿಯದಕ್ಕಿಂತ ಬೇರೆಯಾಗಬೇಕಾಗಿ ಬಂದಾಗ ನಾವು ಅದರ ಪುಟವಿನ್ಯಾಸದ ಕ್ಲಾಸನ್ನು ಕನ್ನಡದ ಫ್ರಾಗ್‌ಮೆಂಟಿನಲ್ಲಿ ಇಟ್ಟಿದ್ದೆವು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿವೆ ಎಂಬ ದೂರು ಬಂದಾಗ, ಆ ಕ್ಲಾಸನ್ನು ಇಟ್ಟ ಸಹೋದ್ಯೋಗಿ ರಜೆಯಲ್ಲಿದ್ದರು. ಸ್ಪೈ ಹೇಳಿದ ಆತಿಥೇಯ ಪ್ಲಗ್-ಇನ್ನಿನೊಳಗೆ ಇಲ್ಲದ ಕ್ಲಾಸನ್ನು ಹುಡುಕುತ್ತ ನಾನು ಒಂದು ಇಡೀ ಸಂಜೆಯನ್ನು ಕಳೆದೆ. “ಇದು ಆತಿಥೇಯ ಬಂಡಲ್, ಇದಕ್ಕೆ ಇಷ್ಟು ಫ್ರಾಗ್‌ಮೆಂಟುಗಳು ಜೋಡಣೆಯಾಗಿವೆ” ಎಂಬ ಒಂದು ಸಾಲನ್ನು ಆ ಚೌಕದಲ್ಲಿ ತೋರಿಸಿದ್ದರೂ ಆ ಸಂಜೆ ಉಳಿಯುತ್ತಿತ್ತು. ಆ ಮಾಹಿತಿ ವ್ಯವಸ್ಥೆಯ ಬಳಿ ಇದ್ದೇ ಇದೆ.

ಇಲ್ಲಿಯೂ ಕೈಹಿಡಿದದ್ದು ವಿಳಾಸವೇ. ಫ್ರಾಗ್‌ಮೆಂಟಿನಿಂದ ಬಂದ ಫೈಲಿನ ‘ಬಂಡಲ್‌ರಿಸೋರ್ಸ್’ ವಿಳಾಸದಲ್ಲಿ ಆತಿಥೇಯನ ಸಂಖ್ಯೆಯೇ ಇದ್ದರೂ, ಅದರ ನಂತರ ಬರುವ ಕೋಲನ್ ಚಿಹ್ನೆಯ ಮುಂದೆ ಇನ್ನೊಂದು ಸಣ್ಣ ಸಂಖ್ಯೆ ಇರುತ್ತದೆ. ಲೋಡರ್ ಹುಡುಕುವ ಜಾಗಗಳ ಸರದಿಯಲ್ಲಿ ಎಷ್ಟನೆಯದರಲ್ಲಿ ಫೈಲು ಸಿಕ್ಕಿತು ಎಂಬುದನ್ನು ಅದು ಹೇಳುತ್ತದೆ. ಅದನ್ನು ಲೆಕ್ಕಹಾಕುವ ಗೋಜೂ ಬೇಡವೆನ್ನುವವರು ಎಕ್ಲಿಪ್ಸ್‌ನ ಫೈಲ್‌ಲೊಕೇಟರ್ ಕ್ಲಾಸಿನ ರಿಸಾಲ್ವ್ ಎಂಬ ಕರೆಗೆ ಆ ವಿಳಾಸವನ್ನು ಕೊಡಬಹುದು. ಅದು ಒಳಗಿನ ವಿಳಾಸವನ್ನು ಡಿಸ್ಕಿನ ಮೇಲಿನ ನಿಜವಾದ ಜಾರ್ ಫೈಲಿನ ವಿಳಾಸವಾಗಿ ಬದಲಿಸಿ ಕೊಡುತ್ತದೆ, ಮತ್ತು ಆ ಜಾರಿನ ಹೆಸರಿನಲ್ಲಿಯೇ ಫ್ರಾಗ್‌ಮೆಂಟಿನ ಹೆಸರು ಇರುತ್ತದೆ. ಫ್ರಾಗ್‌ಮೆಂಟುಗಳನ್ನು ಬಳಸುವ ಪ್ರತಿಯೊಬ್ಬರೂ ಈ ಒಂದು ಕರೆಯನ್ನು ನೆನಪಿಡಬೇಕೆಂದು ನಾನು ಒತ್ತಾಯದಿಂದ ಹೇಳುತ್ತೇನೆ.

ಚಿತ್ರಗಳ ಮಟ್ಟಿಗೆ ಸ್ಥಿತಿ ಸ್ವಲ್ಪ ಮೇಲು. ಸ್ಪೈಯ ಜೊತೆಗಾರನೆನ್ನಬಹುದಾದ ಪ್ಲಗ್-ಇನ್ ಇಮೇಜ್ ಬ್ರೌಸರ್ ಎಂಬ ವ್ಯೂ, ಓಡುತ್ತಿರುವ ವೇದಿಕೆಯ ಪ್ಲಗ್-ಇನ್‌ಗಳಲ್ಲಿರುವ ಚಿತ್ರಗಳನ್ನೆಲ್ಲ ಒಟ್ಟಿಗೆ ಹರವಿ ತೋರಿಸುತ್ತದೆ. ಒಂದನ್ನು ಒತ್ತಿದರೆ ಅದು ಯಾವ ಪ್ಲಗ್-ಇನ್ನಿನದು, ಅದರೊಳಗೆ ಯಾವ ದಾರಿಯಲ್ಲಿದೆ ಎಂಬುದು ಕೆಳಗೆ ಕಾಣುತ್ತದೆ. ಆದರೆ ತೆರೆಯ ಮೇಲೆ ಕಾಣುತ್ತಿರುವ ಚಿಹ್ನೆಯಿಂದ ಹೊರಟು ಫೈಲಿಗೆ ಹೋಗುವ ದಾರಿ ಇದಲ್ಲ. ಕಣ್ಣಿನಿಂದಲೇ ಹೋಲಿಸಿ ಹುಡುಕಬೇಕು. ಪದಗಳಿಗೆ ಇಂಥ ಒಂದು ವ್ಯೂ ಇದ್ದಿದ್ದರೆ, ಅಂದರೆ ಒಂದು ಕೀಲಿಪದಕ್ಕೆ ಯಾವ ಯಾವ ಬಂಡಲಿನಲ್ಲಿ ಯಾವ ಯಾವ ಭಾಷೆಯ ಪಠ್ಯವಿದೆ ಎಂದು ತೋರಿಸುವ ಪಟ್ಟಿಯಿದ್ದಿದ್ದರೆ, ನಮ್ಮ ನಿಪ್ಪಾಣಿಯ ದೋಷ ಹತ್ತು ನಿಮಿಷದಲ್ಲಿ ಸಿಗುತ್ತಿತ್ತು.

ಎಕ್ಲಿಪ್ಸ್‌ನ ಹೊರಗಿನ ಸಾಧನಗಳನ್ನೂ ಪಕ್ಕದಲ್ಲಿಟ್ಟು ನೋಡಿದ್ದೇನೆ. ಜಾವಾವನ್ನು ಶುರುಮಾಡುವಾಗ ಕ್ಲಾಸ್‌ಲೋಡ್‌ಗೆ ಸಂಬಂಧಿಸಿದ ಎಕ್ಸ್‌ಲಾಗ್ ಆಯ್ಕೆಯನ್ನು ಕೊಟ್ಟರೆ, ಲೋಡ್ ಆದ ಪ್ರತಿ ಕ್ಲಾಸಿನ ಹೆಸರನ್ನೂ ಅದು ಬಂದ ಜಾಗವನ್ನೂ ಅದು ಮುದ್ರಿಸುತ್ತದೆ. ಸಾವಿರಾರು ಸಾಲುಗಳಾದರೂ ನಂಬಬಹುದಾದ ದಾಖಲೆ. ಆದರೆ ಅದೂ ಕ್ಲಾಸುಗಳಿಗೆ ಮಾತ್ರ ಸೀಮಿತ, ಪದದ ಫೈಲುಗಳು ಅದರಲ್ಲಿ ಕಾಣುವುದಿಲ್ಲ. ಜಾವಾ 9ರಲ್ಲಿ ಬಂದ ಭಾಷೆಯ ಸ್ವಂತ ಮಾಡ್ಯೂಲ್ ವ್ಯವಸ್ಥೆಯಲ್ಲಿ ಯಾವ ಕ್ಲಾಸನ್ನಾದರೂ ಗೆಟ್‌ಮಾಡ್ಯೂಲ್ ಎಂದು ಕೇಳಿ ಅದರ ಮಾಡ್ಯೂಲಿನ ಹೆಸರನ್ನು ಪಡೆಯಬಹುದು, ಮತ್ತು ಅಲ್ಲಿ ಒಂದು ಪ್ಯಾಕೇಜನ್ನು ಎರಡು ಮಾಡ್ಯೂಲುಗಳಿಂದ ಒಟ್ಟಿಗೆ ಓದಲು ವ್ಯವಸ್ಥೆಯೇ ಬಿಡುವುದಿಲ್ಲ, ಶುರುವಿನಲ್ಲಿಯೇ ತಡೆಯುತ್ತದೆ. ನಮ್ಮ ದೋಷ ಆ ವ್ಯವಸ್ಥೆಯಲ್ಲಿ ಹುಟ್ಟುತ್ತಲೇ ಇರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಆದರೆ ಎಕ್ಲಿಪ್ಸ್ ನಿಂತಿರುವುದು ಓಎಸ್‌ಜಿಐ ಮೇಲೆ. ಅಲ್ಲಿ ಈ ಎಚ್ಚರಿಕೆ ನಮ್ಮದೇ ಹೊಣೆ.

ತೂಕದ ಯಂತ್ರದಿಂದ ಅಂಕಿಗಳನ್ನು ಓದುವ ನೇಟಿವ್ ಲೈಬ್ರರಿ, ಅಂದರೆ ವಿಂಡೋಸ್‌ನ ಡಿಎಲ್ಎಲ್ ಫೈಲು, ಸ್ಪೈಯ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ನಾವು ಬಳಸುವುದು ಸಿಸ್‌ಇಂಟರ್ನಲ್ಸ್‌ನ ಪ್ರೊಸೆಸ್ ಎಕ್ಸ್‌ಪ್ಲೋರರನ್ನು. 1996ರಲ್ಲಿ ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಆರಂಭಿಸಿದ ಸಿಸ್‌ಇಂಟರ್ನಲ್ಸನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, ಸಾಧನಗಳು ಈಗಲೂ ಉಚಿತವಾಗಿಯೇ ಸಿಗುತ್ತವೆ. ಅದರ ಹುಡುಕುವ ಕಿಟಕಿಯಲ್ಲಿ ಡಿಎಲ್ಎಲ್ ಹೆಸರಿನ ಒಂದು ತುಣುಕನ್ನು ಕೊಟ್ಟರೆ ಯಾವ ಪ್ರೊಸೆಸ್ ಅದನ್ನು ಹಿಡಿದಿದೆ, ಯಾವ ಫೋಲ್ಡರಿನ ಪ್ರತಿ ಲೋಡ್ ಆಗಿದೆ ಎಂಬುದು ಕಾಣುತ್ತದೆ. ಜಾರ್ ಒಳಗಿನ ಡಿಎಲ್ಎಲ್ ಅನ್ನು ಇಕ್ವಿನಾಕ್ಸ್ ತನ್ನ ಕಾನ್ಫಿಗರೇಶನ್ ಫೋಲ್ಡರಿನೊಳಗೆ ಬಿಚ್ಚಿಟ್ಟು ಅಲ್ಲಿಂದ ಲೋಡ್ ಮಾಡುತ್ತದೆ, ಮತ್ತು ಆ ಒಳಫೋಲ್ಡರಿನ ಹೆಸರು ಬಂಡಲಿನ ಸಂಖ್ಯೆಯೇ ಆಗಿರುತ್ತದೆ. ಹಾಗಾಗಿ ಪ್ರೊಸೆಸ್ ಎಕ್ಸ್‌ಪ್ಲೋರರಿನಲ್ಲಿ ಕಂಡ ದಾರಿಯಿಂದ ಸಂಖ್ಯೆಯನ್ನು ಓದಿಕೊಂಡು, ಎಸ್‌ಎಸ್ ಪಟ್ಟಿಯಲ್ಲಿ ಅದರ ಹೆಸರನ್ನು ನೋಡಿದರೆ ಒಡೆಯ ಸಿಕ್ಕಂತೆಯೇ.

ಇನ್ನು ಕೊಳ್ಳುವ, ಹಾಕಿಕೊಳ್ಳುವ ಮಾತು. ಎಕ್ಲಿಪ್ಸ್‌ನ ಹಾಗೆ ಸ್ಪೈಯೂ ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ. ಪ್ಲಗ್-ಇನ್ ಬರೆಯುವವರಿಗಾಗಿ ಇರುವ ಪಿಡಿಇ ಎಂಬ ಭಾಗದ ಜೊತೆ ಅದು ಬರುತ್ತದೆ. ಎಕ್ಲಿಪ್ಸ್‌ನ ಯಾವ ಪೊಟ್ಟಣದಲ್ಲಿ ಪಿಡಿಇ ಇಲ್ಲವೋ ಅಲ್ಲಿ ಈ ಕೀಲಿಗಳನ್ನು ಒತ್ತಿದರೆ ಏನೂ ಆಗುವುದಿಲ್ಲ. ನಾವು ಕಟ್ಟಿದ ತಂತ್ರಾಂಶದೊಳಗೇ ಸ್ಪೈ ಬೇಕೆಂದರೆ ಪಿಡಿಇ ರನ್‌ಟೈಮ್ ಎಂಬ ಬಂಡಲನ್ನು ಅದರೊಳಗೆ ಸೇರಿಸಬೇಕು. ಹೀಗೆ ಸೇರಿಸಿದಾಗ ಹೆಸರುಗಳು ಬರಿಯ ಅಕ್ಷರಗಳಾಗಿ ಕಾಣುತ್ತವೆಯೇ ಹೊರತು ಕೊಂಡಿಗಳಾಗಿ ಅಲ್ಲ, ಏಕೆಂದರೆ ಮೂಲ ಬರಹವನ್ನು ತೆರೆಯುವ ಭಾಗ ಅಲ್ಲಿ ಇರುವುದಿಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ಮೇಲಿನ ಸಾಲಿನ ಕೀಲಿಗಳು ಧ್ವನಿ, ಬೆಳಕಿಗೆ ಮೀಸಲಾಗಿರುವುದರಿಂದ ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕಾಗುತ್ತದೆ. ನಮ್ಮಲ್ಲಿ ಇಬ್ಬರು ಇದು ತಿಳಿಯದೆ, ಸ್ಪೈ ತಮ್ಮ ಯಂತ್ರದಲ್ಲಿ ಇಲ್ಲವೆಂದೇ ತಿಳಿದಿದ್ದರು. ಕಾರ್ಖಾನೆಗಳಿಗೆ ಕಳಿಸುವ ಪ್ರತಿಯಲ್ಲಿ ನಾವು ಈ ಬಂಡಲನ್ನು ಮೊದಲು ಇಡುತ್ತಿರಲಿಲ್ಲ. ಈಗ ಇಡುತ್ತೇವೆ. ದೂರು ಬಂದಾಗ ಕಾಟಾದ ಗುಮಾಸ್ತರಿಗೆ ಫೋನಿನಲ್ಲಿಯೇ ಮೂರು ಕೀಲಿಗಳನ್ನು ಹೇಳಿ, ಚೌಕದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಳಿಸಿ ಎಂದರೆ, ಅವರು ಓಡಿಸುತ್ತಿರುವ ಪ್ಲಗ್-ಇನ್ ಯಾವುದು, ಆವೃತ್ತಿ ಯಾವುದು ಎಂಬ ಅರ್ಧ ಪ್ರಶ್ನೆಗೆ ಅಲ್ಲಿಗೇ ಉತ್ತರ ಸಿಗುತ್ತದೆ.

ಉಳಿದ ಅರ್ಧಕ್ಕೆ ನಾವೇ ಒಂದು ಸಣ್ಣ ವ್ಯೂ ಬರೆದುಕೊಂಡಿದ್ದೇವೆ. ಅದರಲ್ಲಿ ಪ್ರತಿ ಭಾಷೆಯ ಪ್ರತಿ ಪದದ ಫೈಲಿನ ಎದುರು ಅದು ಬಂದ ಬಂಡಲಿನ ಸಂಖ್ಯೆ, ಹೆಸರು ಮತ್ತು ರಿಸಾಲ್ವ್ ಮಾಡಿದ ಜಾರ್ ವಿಳಾಸ ಕಾಣುತ್ತದೆ. ಒಂದೇ ಹೆಸರಿನ ಫೈಲು ಎರಡು ಕಡೆ ಸಿಕ್ಕರೆ ಆ ಸಾಲು ಕೆಂಪಾಗುತ್ತದೆ. ಬರೆಯಲು ಒಂದೂವರೆ ದಿನ ಹಿಡಿಯಿತು, ಕೋಡು ಮುನ್ನೂರು ಸಾಲುಗಳಿಗಿಂತ ಕಡಿಮೆ. ಇದನ್ನು ಸ್ಪೈಯ ಒಳಗೇ ಒಂದು ಭಾಗವಾಗಿ ಸೇರಿಸುವಂತೆ ಪಿಡಿಇ ತಂಡಕ್ಕೆ ಕೋರಿಕೆಯನ್ನು ಸಿದ್ಧಪಡಿಸುತ್ತಿದ್ದೇವೆ. ಉದಾಹರಣೆಯಾಗಿ ಇಟ್ಟಿರುವುದು ಒಂದರಲ್ಲಿ ‘ಶುದ್ಧ ತೂಕ’, ಇನ್ನೊಂದರಲ್ಲಿ ‘ನಿವ್ವಳ ತೂಕ’ ಎಂದಿದ್ದ ಅದೇ ಎರಡು ಕನ್ನಡ ಫೈಲುಗಳನ್ನು.